ಉಸುರೆಳೆ

ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ಮುನಿಶಾಮಯ್ಯ, ನೂಲು ಬಿಚ್ಚುವ ಮಾರಮ್ಮನ ಬಲಗೈಯನ್ನು ಮಣಿಕಟ್ಟಿನ ತನಕ ಕುದಿನೀರಿನ ಬಾನಿಯಲ್ಲಿ ಅದುಮಿ ಹಿಡಿದ. ತಪ್ಪಿಹೋದ ಎಳೆ ಸಿಗುವವರೆಗೂ ಬಿಡಲಿಲ್ಲ.

ಬುಧವಾರ ಬೆಳಿಗ್ಗೆ ಗುರುಸಿದ್ದಯ್ಯ ಎಂದಿನಂತೆ ಪೂಜೆಗೆ ಕೂತ. ಅದೇ ರೇಷ್ಮೆ ಕಾರ್ಖಾನೆಯ ಗುಮಾಸ್ತ ಅವನು. ಚನ್ನಪಟ್ಟಣದ ಪೇಟೆಬೀದಿಯ ಹಿಂದಿನ ಓಣಿಯಲ್ಲಿ, ಕಾರ್ಖಾನೆಯ ಯಜಮಾನರೇ ಇರಲು ಬಿಟ್ಟುಕೊಟ್ಟಿದ್ದ ಮನೆಯಲ್ಲಿ ಹೆಂಡತಿ, ಮಗಳೊಂದಿಗೆ ಇದ್ದವನು. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯನ್ನು ಗಿಂಡಿಗೆ ಅದ್ದಿದ. ಗಿರಿಜಾಂಬ ಚಳಿಗೆಂದು ನೀರನ್ನು ಕಾಯಿಸಿಟ್ಟಿದ್ದಳು. ಬಿಸಿ ತಾಕಿದೊಡನೆ ಬೆರಳು ತಾನಾಗಿ ಹಿಂದಕ್ಕೆ ಬಂತು. ಅಂಥ ಬಿಸಿಯೇನಲ್ಲ, ಮಗುವಿಗೆ ಮುಖ ತೊಳೆಸುವಷ್ಟು. ಹಿಂದಕ್ಕೆ ಬರಲು ತನ್ನ ಕೈಗೆ ಯಾರ ಅಡ್ಡಿಯೂ ಇಲ್ಲವಲ್ಲ ಎಂಬುದು ಆಗ ಹೊಳೆಯಿತು. ಹೊಳೆದ ಮೇಲೆ ಇನ್ನೊಮ್ಮೆ ಅದ್ದಲಾಗಲಿಲ್ಲ. ಕರಡಿಗೆಯ ಶಿವದಾರ ಕತ್ತಿನ ಬೆವರಿಗೆ ಕಂದಿ, ಹುರಿ ಬಿಟ್ಟುಕೊಂಡು, ಒಂದೆರಡು ಎಳೆ ನಿಮಿರಿ ನಿಂತಿದ್ದವು. ಹೊಸ ದಾರ ಹಾಕಿಸಿಕೊಳ್ಳಬೇಕು ಅಂದುಕೊಂಡ. ಹಿಂದೆಯೇ, ತನಗೇ ಹೇಸಿಗೆಯಾಗುವಂತೆ, ಮನಸ್ಸು ತನ್ನ ಚಾಳಿಯ ಹಾದಿ ಹಿಡಿಯಿತು: ಶಿವದಾರವನ್ನು ದಾರ ಎನ್ನುತ್ತೇವೆ, ನೂಲು ಎನ್ನುವುದಿಲ್ಲ. ಉಡಿದಾರ, ಶಿವದಾರ, ಮೈಗೆ ಕಟ್ಟಿದ್ದೆಲ್ಲ ದಾರ. ಪಟ್ಟಿಯಲ್ಲಿ ಸೇರಿಸಬೇಕು.

ಒಲೆಯ ಹತ್ತಿರ ಗಿರಿಜಾಂಬ ಒರಳಿನಲ್ಲಿ ಶಾವಿಗೆ ಒತ್ತುತ್ತಿದ್ದಳು. ಮಗಳು ನಾಲ್ಕು ದಿನದಿಂದ ಆಸೆಪಟ್ಟಿದ್ದಳಂತೆ. ಅಕ್ಕಿಹಿಟ್ಟಿನ ಬಿಳಿ ಎಳೆಗಳು ತೂತುಗಳಿಂದ ಹೊರಬಿದ್ದು ತಟ್ಟೆಯ ಮೇಲೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಅವುಗಳಿಂದ ಹಬೆ ಏಳುತ್ತಿತ್ತು. ಗುರುಸಿದ್ದಯ್ಯ ಹಬೆಯನ್ನು ನೋಡುತ್ತ ನಿಂತ. ಬಾನಿಯ ಮೇಲಿನ ಹಬೆಗೂ ಇದಕ್ಕೂ ವಾಸನೆಯೊಂದು ಬೇರೆ. ಅಲ್ಲಿ ಬೆಂದ ಹುಳುವಿನ ನಾತ, ಇಲ್ಲಿ ಕಾಯಿಹಾಲಿನ ಪರಿಮಳ. ಕಣ್ಣಿಗೆ ಎರಡೂ ಒಂದೇ.

"ತಿಂದ್ಬಿಟ್ಟು ಹೋಗಿ," ಅಂದಳು ಗಿರಿಜಾಂಬ. "ನಮ್ಮ ಮಾವ ಹೇಳ್ಕಳ್ಸಿದ್ರು, ಬೇಗ ಬರಬೇಕಂತೆ. ಏನೋ ಬರೆಯೋದಿದೆಯಂತೆ."

"ಏನು ಬರೆಯೋದು?"

"ನಂಗೇನು ಗೊತ್ತು? ಆ ಹೊಲಗೇರಿ ಹೆಂಗಸು ಕೈ ಸುಟ್ಕೊಂಡಳಂತಲ್ಲ, ಅದೇ ಇರಬೇಕು." ಒರಳಿನ ಹಿಡಿಯ ಮೇಲೆ ಮೈಭಾರವನ್ನೆಲ್ಲ ಬಿಟ್ಟು ಅವಳು ತಲೆಯೆತ್ತಿದಳು. "ಏನ್ರೀ, ಅವರು ಹೇಳಿದ ಹಾಗೆ ಬರ್ಕೊಟ್ಟು ಬನ್ನಿ. ಈ ಮನೆ ಅವರದು ಅನ್ನೋದು ತಲೇಲಿರ್ಲಿ."

ಸುಟ್ಟುಕೊಂಡಳು. ಒಂದು ರಾತ್ರಿಯೊಳಗೆ ಮಾತು ಅಷ್ಟು ತಿರುಗಿತ್ತು. ಅಲ್ಲ ಕಣೆ, ಸುಟ್ಟರು ಅನ್ನಬೇಕೆಂದು ಬಾಯಿ ತೆರೆದವನು ಶಾವಿಗೆಯ ತಟ್ಟೆಯನ್ನು ಮಗಳ ಕಡೆ ಸರಿಸಿದ. ಹಸಿವಿಲ್ಲ ಎಂದ.

ಪಟ್ಟಿ ಶುರುವಾದದ್ದು ಹೋದ ವರ್ಷದ ಶ್ರಾವಣದಲ್ಲಿ. ಬೆಂಗಳೂರಿನಲ್ಲಿ ಒಂದು ಪಂಡಿತರ ಮಂಡಳಿ ಸೇರಿ ಕಸುಬುದಾರರ ಮಾತುಗಳನ್ನೆಲ್ಲ ಕಲೆಹಾಕಿ ಅಚ್ಚು ಹಾಕಿಸುತ್ತದೆಂದು ಪತ್ರಿಕೆಯಲ್ಲಿ ಓದಿ ಅವನೇ ಕಾಗದ ಬರೆದಿದ್ದ. ಎಳೆ, ನೂಲು, ನಾರುಗಳ ಮಾತು ತಾನು ಕೂಡಿಸಿಕೊಡುವೆನೆಂದ. ಉತ್ತರ ಬಂದ ದಿನ ಅದನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಊರೆಲ್ಲ ಸುತ್ತಿದ್ದ. ಪದ, ಅದರ ಅರ್ಥ, ಜನ ಅದನ್ನು ಆಡುವ ಬಗೆಗೆ ಒಂದು ವಾಕ್ಯ. ಈ ಮೂರೂ ಇರಬೇಕು, ವಾಕ್ಯವಿಲ್ಲದ ಪದವನ್ನು ಕೈಬಿಡಲಾಗುವುದು, ಸಂಗ್ರಾಹಕರ ಹೆಸರನ್ನು ಪುಸ್ತಕದಲ್ಲಿ ಮುದ್ರಿಸಲಾಗುವುದು ಎಂದಿತ್ತು. ಆಮೇಲೆ ಲೋಕವೆಲ್ಲ ಎಳೆಯೆಳೆಯಾಗಿ ಬಿಚ್ಚಿಕೊಳ್ಳತೊಡಗಿತು. ಮಾವಿನ ಹಣ್ಣು ತಿಂದವರು ಹಲ್ಲಿನ ಸಂದಿಯಿಂದ ತೆಗೆಯುವುದು ನಾರು. ಮುಸುಕಿನ ಜೋಳದ ತುದಿಯಲ್ಲಿರುವುದು ಕೂದಲು, ಆದರೆ ನಾರಿಗಿಂತ ನಯ. ಹಗ್ಗ ಹೊಸೆಯುವವನ ತೊಡೆಯ ಮೇಲೆ ಹುಟ್ಟುವುದು ಹುರಿ. ಕೈತಪ್ಪಿದರೆ ಸಿಕ್ಕು, ಸಿಕ್ಕು ಬಿಡದಿದ್ದರೆ ಗಂಟು. ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಈ ಹೊತ್ತೂ, ಬೇಲಿಯಿಂದ ಬೇಲಿಗೆ ಜೇಡ ಕಟ್ಟಿದ ಎಳೆಯೊಂದು ಮುಖಕ್ಕೆ ಅಂಟಿತು. ಒರೆಸಿಕೊಂಡರೂ ಹೋಗದೆ ರೆಪ್ಪೆಯ ಮೇಲೆ ಉಳಿಯಿತು. ಕಣ್ಣಿಗೆ ಕಾಣದ್ದು, ಚರ್ಮಕ್ಕೆ ಮಾತ್ರ ಗೊತ್ತಾಗುವಂಥದ್ದು. ಇಂಥವಕ್ಕೆಲ್ಲ ಮಾತಿದೆ ಅಂತ ಅವನಿಗೆ ಹೇಳಿದವಳು ಮಾರಮ್ಮ.

ಕಾರ್ಖಾನೆಯಲ್ಲಿ ಬಾನಿಗಳು ಸಾಲಾಗಿದ್ದವು. ಬಾಗಿಲ ಕಡೆ ಸಾಬರ ಹೆಂಗಸರು, ಕಿಟಕಿಯ ಕಡೆ ಒಕ್ಕಲಗೇರಿಯವರು, ಕೊನೆಯಲ್ಲಿ ಬಾಯ್ಲರಿನ ಕಾವು ಬಡಿಯುವ ಮೂಲೆಯಲ್ಲಿ ಹೊಲಗೇರಿಯವರು. ಯಾರೂ ಹಾಗೆ ಕೂತುಕೊಳ್ಳಿ ಎಂದು ಹೇಳಿರಲಿಲ್ಲ. ಮಾರಮ್ಮನದು ಕಟ್ಟಕಡೆಯ ಬಾನಿ. ನೀರಿನಲ್ಲಿ ಕುಣಿಯುವ ಗೂಡುಗಳ ತುದಿಗಳನ್ನು ಬರಿ ಬೆರಳಲ್ಲಿ ಹಿಡಿದು, ಏಳೆಂಟನ್ನು ಕೂಡಿಸಿ, ಬಾನಿಯ ಮೇಲಿನ ಸಣ್ಣ ತೂತಿನ ಕಣ್ಣಿನಲ್ಲಿ ತೂರಿಸಿ ರಾಟೆಗೆ ಬಿಡುವಳು. ಒಂದೇ ಗೂಡಿನದು ಎಳೆ ಬುದ್ದಿ, ಕೂಡುದ್ಮ್ಯಾಲೆ ನೂಲು ಎಂದವಳು ಅವಳು. ಗೂಡಿನ ಮೇಲಿನ ಗೋಜಲು ಮುದ್ಕಿಕೂದ್ಲು. ಹುಳು ಮೊದಮೊದಲು ಎಲೆಗೆ ಅಂಟಿಸಲೆಂದು ಉಗುಳಿದ್ದು ಜೊಲ್ಲೆಳೆ. ನಡುವಿನದು ಗಂಡೆಳೆ, ಎಳೆದರೆ ಎಳೆದಷ್ಟು ಬರುತ್ತದೆ. ಹೀಗೆ ಅವಳು ಹೇಳುತ್ತ ಹೋದಳು, ಅವನು ಬರೆದುಕೊಳ್ಳುತ್ತ ಹೋದ. ಅವಳ ಅವ್ವ ಸಾತನೂರಿನ ಕಡೆಯವಳು, ಅಲ್ಲಿ ಮನೆಮನೆಯಲ್ಲೂ ರಾಟೆ ತಿರುಗುತ್ತಿತ್ತಂತೆ. ಈ ಮಾತುಗಳೆಲ್ಲ ಆ ಅವ್ವನವು. ಮಾದರಿಗೆಂದು ಗೂಡು ಕೇಳಿದರೆ ಮಾರಮ್ಮ ಅದನ್ನು ಬಾನಿಯ ಅಂಚಿನ ಮೇಲಿಡುತ್ತಿದ್ದಳು, ಅವಳು ಕೈ ತೆಗೆದ ಮೇಲೆ ಅವನು ಎತ್ತಿಕೊಳ್ಳುತ್ತಿದ್ದ. ಮಾತನ್ನು ಮಾತ್ರ ನೇರವಾಗಿ ತೆಗೆದುಕೊಳ್ಳುತ್ತಿದ್ದ.

ಯಜಮಾನ ಸಿದ್ದಗಂಗಯ್ಯ ಕಚೇರಿಯ ದಿಂಬಿಗೊರಗಿ ಅಡಿಕೆ ಕತ್ತರಿಸುತ್ತಿದ್ದ. ಗಿರಿಜಾಂಬನ ಸೋದರಮಾವ. ನಗುತ್ತಲೇ ಎಲ್ಲವನ್ನೂ ಮಾಡಿಸುವ ಮನುಷ್ಯ.

"ಬಾರಯ್ಯ ಪಂಡಿತ. ಕೂತ್ಕೋ. ಎರಡು ಸಾಲು ಬರೀಬೇಕು, ನಿನ್ನಂಗೆ ಬರೆಯೋರು ಈ ಊರಲ್ಲಿ ಯಾರವ್ರೆ?"

"ಏನ್ ಬರೀಬೇಕು ಮಾವ?"

"ನಾಳೆ ರೇಷ್ಮೆ ಇನ್ಸ್‌ಪೆಕ್ಟರು ಬೆಂಗಳೂರಿಂದ ಬರ್ತಾರೆ. ಯಾವನೋ ಅವರ ಕಿವಿ ಊದವ್ನೆ. ಬಂದೋರು ಕೇಳ್ತಾರೆ, ಏನಾಯ್ತು ಅಂತ. ನಾವು ಒಂದು ಹಾಳೆ ತೋರುಸ್ಬೇಕು. ಆ ಮಾರಿನೇ ಹೇಳಿ ಬರೆಸಿದಂಗಿರ್ಬೇಕು. ನನ್ ಕೈ ಜಾರ್ತು, ನೀರಿಗೆ ಬಿತ್ತು, ಯಾರ್ದೂ ತಪ್ಪಿಲ್ಲ. ಕೆಳಗೆ ಅವಳ ಹೆಬ್ಬೆಟ್ಟು. ಅಷ್ಟೇ."

"ಆಮೇಲೆ ಅವಳ ಗತಿ?"

"ಕೈ ಹೋದೋಳಿಗೆ ಬಾನಿ ಯಾಕಯ್ಯ? ಮನೇಲಿರ್ತಾಳೆ." ಅಡಿಕೆ ಬಾಯಿಗೆ ಹಾಕಿಕೊಂಡು ಅವನನ್ನೇ ನೋಡಿದ. "ನೀನಿದ್ದೆಯಂತಲ್ಲ ಅಲ್ಲಿ?"

"ಇದ್ದೆ."

"ಏನು ನೋಡಿದೆ?"

ಕಚೇರಿಯ ಜಂತಿಯಿಂದ ಧೂಳಿನ ಎಳೆಯೊಂದು ಇಳಿಬಿದ್ದು, ಇಲ್ಲದ ಗಾಳಿಗೆ ಓಲಾಡುತ್ತಿತ್ತು. ಗುರುಸಿದ್ದಯ್ಯ ಅದನ್ನು ನೋಡಿದ. "ಹಬೆ ಇತ್ತು ಮಾವ. ಸರಿಯಾಗಿ ಕಾಣಿಸ್ಲಿಲ್ಲ."

"ಅದೇ ಮತ್ತೆ!" ಎಂದು ಸಿದ್ದಗಂಗಯ್ಯ ತೊಡೆ ತಟ್ಟಿದ. "ಬರಿ."

ಬರೆದ. ಆ ಹೊತ್ತಿನಲ್ಲಿ ನಡೆದದ್ದನ್ನು ಆಮೇಲೆ ದಾರಿಯುದ್ದಕ್ಕೂ ನೆನೆಸಿಕೊಂಡು ಅವನು ಕುಗ್ಗಿದ. ಯಜಮಾನ ಹೇಳಿದ್ದು ಕೈ ಜಾರಿತು ಎಂದಷ್ಟೇ. ಅವನ ಲೇಖನಿ ತಾನಾಗಿ 'ನನ್ನ ಸ್ವಂತ ಅಜಾಗರೂಕತೆಯಿಂದ' ಎಂದು ಸೇರಿಸಿತು. ಯಾರೂ ಕೇಳಿರಲಿಲ್ಲ. ವಾಕ್ಯಕ್ಕೆ ಒಂದು ತೂಕ ಬೇಕಿತ್ತು. ತಕ್ಕ ಪದ ತಕ್ಕ ಕಡೆ ಕೂತಾಗ ಎದೆಯಲ್ಲಿ ಏಳುವ ಆ ಸಣ್ಣ ಹಿಗ್ಗು ಎದ್ದಿತ್ತು. ಸಿದ್ದಗಂಗಯ್ಯ ಓದಿಸಿಕೊಂಡು, "ಭಲೆ, ಅಮಲ್ದಾರ್ರು ಬರೆದಂಗೈತೆ" ಎಂದಾಗ ಆ ಹಿಗ್ಗು ಇನ್ನೂ ಒಸಿ ಏರಿತ್ತು. ಹಾಳೆಯನ್ನೂ ಶಾಯಿಪ್ಯಾಡಿನ ತಗಡಿನ ಡಬ್ಬಿಯನ್ನೂ ಕೊಟ್ಟು, ಮಧ್ಯಾಹ್ನದೊಳಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಾ, ನೀನು ಅಂದ್ರೆ ಅವಳಿಗೆ ಗೌರವ ಐತೆ ಎಂದು ಕಳಿಸಿದ.

ಬಾನಿಗಳ ಸಾಲು ದಾಟುವಾಗ ಮುನಿಶಾಮಯ್ಯ ಕೈಯಲ್ಲಿ ಬೆತ್ತ ಕುಣಿಸುತ್ತ ಎದುರಾದ. "ಏನ್ ಗುಮಾಸ್ತ್ರೇ, ಇವತ್ತು ಪದ ಕೇಳಾಕೆ ಬರ್ನಿಲ್ವಾ? ನಂಗೂ ಗೊತ್ತು ಕಣ್ರಿ ಒಂದಷ್ಟು ಪದ. ಬರ್ಕಳಿ, ಅಚ್ಚು ಹಾಕ್ಸಿ," ಎಂದು ಎರಡು ಹೊಲಸು ಮಾತಾಡಿ ನಕ್ಕ. ಹೆಂಗಸರ ಸಾಲಿನಲ್ಲಿ ಯಾರೂ ನಗಲಿಲ್ಲ. ಯಾರೂ ತಲೆಯೆತ್ತಲೂ ಇಲ್ಲ. ಅವರ ಬೆರಳುಗಳು ನೀರೊಳಗೆ ಹೋಗಿ ಹೋಗಿ ಬರುತ್ತಿದ್ದವು, ಬಿಳಿಚಿ ನೆನೆದು ಒಡೆದ ಬೆರಳುಗಳು, ಎಲ್ಲರವೂ ಒಂದೇ ಬಣ್ಣ. ಕೊನೆಯ ಬಾನಿಯ ಕೆಳಗಿನ ಕಾವು ಆರಿತ್ತು. ನೀರಿನ ಮೇಲೆ ಬಿಚ್ಚದ ಗೂಡುಗಳು ತೇಲುತ್ತಿದ್ದವು. ಗುರುಸಿದ್ದಯ್ಯ ಮುನಿಶಾಮಯ್ಯನ ಮಾತಿಗೆ ಹಲ್ಲು ಕಿರಿದ. ಹೊರಗೆ ಬಂದ ಮೇಲೆ, ಕಿರಿದದ್ದು ಯಾಕೆ ಎಂದು ಕೇಳಿಕೊಂಡ. ತುಟಿಗಳು ಇನ್ನೂ ಹಾಗೇ ಇದ್ದವು.

ಅಪ್ಪನೂ ಹೀಗೆಯೇ ನಕ್ಕಿದ್ದ, ಒಬ್ಬ ದಲ್ಲಾಳಿಯ ಮುಂದೆ. ತಂತಿಯ ಗವಿಸಿದ್ದಯ್ಯ ಎಂದರೆ ವೀಣೆ ಹಿಡಿದವರಿಗೆಲ್ಲ ಗೊತ್ತಿತ್ತು. ಉಕ್ಕನ್ನು ಕಾಯಿಸಿ, ತೂತಿನ ತಗಡಿನಲ್ಲಿ ತೂರಿಸಿ, ದೊಡ್ಡ ತೂತಿನಿಂದ ಸಣ್ಣದಕ್ಕೆ, ಅದರಿಂದ ಇನ್ನೂ ಸಣ್ಣದಕ್ಕೆ ಎಳೆದೆಳೆದು, ಕೂದಲಷ್ಟಾದ ಮೇಲೆ ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಇನ್ನೊಂದನ್ನು ಬೆರಳಿಗೆ ಸುತ್ತಿ ಮೀಟುವನು. ಕಿವಿಯಲ್ಲಲ್ಲ, ಹಲ್ಲಿನಲ್ಲಿ ಕೇಳಿಸಿಕೊಳ್ಳುವನು. ಸರಿಯಿಲ್ಲದ್ದನ್ನು ತಿಪ್ಪೆಗೆ ಎಸೆಯುವನು. ಆಮೇಲೆ ಕಡಲಾಚೆಯ ತಂತಿ ಬಂತು. ಬೆಂಗಳೂರು ದಂಡಿನ ದಲ್ಲಾಳಿ ಒಂದು ಕಟ್ಟು ಬಣ್ಣದ ಚೀಟಿ ತಂದಿಟ್ಟು, ನಿನ್ನ ತಂತಿಗೆ ಇವನ್ನ ಅಂಟಿಸು, ಪರದೇಶದ್ದು ಅಂತ ಮಾರ್ತೀನಿ, ನಿನ್ನ ಹೆಸರಿದ್ದರೆ ಯಾರೂ ಮುಟ್ಟೋದಿಲ್ಲ ಎಂದ. ಅಪ್ಪ ನಕ್ಕ. ಅಂಟಿನ ಕರಟ ಹಿಡಿದು ಚೀಟಿ ಅಂಟಿಸಿದವನು ಗುರುಸಿದ್ದಯ್ಯನೇ, ಒಂಬತ್ತು ವರ್ಷದವನು, ಅಕ್ಷರ ನೆಟ್ಟಗೆ ಬರಬೇಕೆಂದು ನಾಲಿಗೆ ಕಚ್ಚಿಕೊಂಡು. ಅಚ್ಚುಕಟ್ಟಾಗಿ ಅಂಟಿಸಿದೆ ಕಣೋ ಎಂದಿದ್ದ ದಲ್ಲಾಳಿ. ಅಂದಿನಿಂದ ಅಪ್ಪ ತಂತಿಯನ್ನು ಹಲ್ಲಿಗೆ ಕಚ್ಚಿದ್ದನ್ನು ಅವನು ನೋಡಲಿಲ್ಲ. ತೂಗಿ ಕೊಡುತ್ತಿದ್ದ, ಅಷ್ಟೆ. ಈಗ ಅಂಗಿಯ ಎಡಜೇಬಿನಲ್ಲಿ ಮಡಿಸಿದ ಹಾಳೆ, ಬಲಜೇಬಿನಲ್ಲಿ ಪದಗಳ ಪುಸ್ತಕ, ಕೈಯಲ್ಲಿ ಡಬ್ಬಿ. ದೊಡ್ಡಮಳೂರಿನ ದಾರಿಯಲ್ಲಿ ಕೆರೆ ಏರಿ ಹತ್ತಿ ಇಳಿದರೆ ಕೇರಿ. ಮಡಿಸಿದ ಹಾಳೆ ಎದೆಗೆ ತಾಕಿದಾಗಲೆಲ್ಲ ಅದರ ಅಂಚು ಚುಚ್ಚುತ್ತಿತ್ತು.

ಕೇರಿಯ ಮುಂದಿನ ಹೊಂಗೆಮರದವರೆಗೆ ಅವನು ಬಂದದ್ದುಂಟು. ಅಲ್ಲಿ ನಿಂತು ಕರೆದರೆ ಬೇಕಾದವರು ಬರುವುದು ಪದ್ಧತಿ. ಮರದಡಿ ಹುಣಸೆಬೀಜ ಆಡುತ್ತಿದ್ದ ಹುಡುಗಿಯೊಂದರ ಕೈಲಿ, ಮಾರಮ್ಮನನ್ನು ಬರಹೇಳು ಎಂದು ಹೇಳಿಕಳಿಸಿ ಕಾದ. ಬಂದವಳು ಮಾರಮ್ಮನಲ್ಲ, ಬಾಗಿಲ ಕಡೆಯ ಬಾನಿಯ ಖುರ್ಷಿದಾ. ಈ ಹೊತ್ತು ಕೆಲಸ ಬಿಟ್ಟು ಇಲ್ಲಿದ್ದಾಳೆ. ಸೆರಗಿನ ತುಂಬ ಲೋಳೆಸರದ ಹಸಿರು ಅಂಟು.

"ಆವೋ ಗುಮಾಸ್ತರೇ," ಅಂದಳು, ಅವನ ಕೈಯ ಡಬ್ಬಿ ನೋಡಿ. "ಕೈ ನೋಡೋಕೆ ಬಂದ್ರಾ, ಹೆಬ್ಬೆಟ್ಟು ನೋಡೋಕೆ ಬಂದ್ರಾ?"

"ಒಂದು ಮಾತು ಆಡಬೇಕಿತ್ತು. ಒಸಿ ಇಲ್ಲಿಗೆ ಬರೋಕೆ ಹೇಳು."

"ಬರೋದಿಲ್ಲ ಅಂತಾಳೆ. ನೀವೇ ಬರ್ಬೇಕಂತೆ."

"ಒಳಕ್ಕಾ?"

"ಇಪ್ಪತ್ತು ಹೆಜ್ಜೆ ಐತೆ. ನಾನು ಬಂದಿಲ್ವಾ? ನನ್ನ ಕಾಲೇನು ಕರಗೋಯ್ತಾ?"

ಇಪ್ಪತ್ತಲ್ಲ, ಮೂವತ್ತಾರು. ಒಂದೊಂದನ್ನೂ ಎಣಿಸಿಕೊಂಡು ನಡೆದ. ಎರಡು ಗುಡಿಸಲಿನ ತಡಿಕೆಗಳು ಅವನನ್ನು ಕಂಡೊಡನೆ ಮುಚ್ಚಿಕೊಂಡವು. ಯಾರಾದರೂ ಪೇಟೆಯವರು ಏರಿಯ ಮೇಲೆ ಹೋಗುತ್ತಿರಬಹುದೇ ಎಂದು ತಿರುಗಿ ನೋಡಿದ. ತಿರುಗಿದ್ದನ್ನು ಖುರ್ಷಿದಾ ಕಂಡಳು. ಕಂಡು ಮುಂದೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರಮ್ಮ ಗೋಡೆಗೆ ಒರಗಿ ಕೂತಿದ್ದಳು. ಮೊರದ ಮೇಲೆ ಬಾಳೆಲೆ ಹಾಸಿ ಅದರ ಮೇಲೆ ಬಲಗೈ ಇಟ್ಟಿತ್ತು. ಅದು ಅವಳಿಗೆ ಸೇರಿದ್ದಲ್ಲ, ಯಾರೋ ತಂದಿಟ್ಟು ಹೋದದ್ದು ಎಂಬಂತೆ ಇತ್ತು. ಬೆರಳುಗಳು ಊದಿ ಒಂದಕ್ಕೊಂದು ಅಂಟಿದ್ದವು. ಹೆಬ್ಬೆರಳಿನ ಹತ್ತಿರ ಚರ್ಮ ಸುಲಿದು, ಗೂಡಿನ ಮೇಲಿನ ಪೊರೆಯಂತೆ, ಅವಳದೇ ಮಾತಿನ ಮುದ್ಕಿಕೂದಲಿನಂತೆ, ಮುದುಡಿಕೊಂಡಿತ್ತು. ಮನಸ್ಸು ಅದನ್ನು ಹಾಗೆ ಹೋಲಿಸಿದ್ದಕ್ಕೆ ಗುರುಸಿದ್ದಯ್ಯ ನಾಲಿಗೆ ಕಚ್ಚಿಕೊಂಡ.

"ಕುಂತ್ಕಳಿ ಅನ್ನಾಕೆ ಚಾಪೆ ಇಲ್ಲ ಬುದ್ದಿ," ಅಂದಳು ಮಾರಮ್ಮ. ದನಿಯಲ್ಲಿ ಜ್ವರವಿತ್ತು. "ಅದೇನು ತಂದಿದ್ದೀರೋ ಓದಿ. ನಿಮ್ ಬಾಯಲ್ಲೇ ಕೇಳಾನ."

ನಿಂತೇ ಓದಿದ. ಕಚೇರಿಯಲ್ಲಿ ಅಷ್ಟು ತೂಕವಾಗಿದ್ದ ವಾಕ್ಯಗಳು ಇಲ್ಲಿ ಹೊಟ್ಟಿನಂತೆ ಹಾರಿದವು. 'ಈ ಸಂಬಂಧವಾಗಿ ಯಾರೂ ಹೊಣೆಗಾರರಲ್ಲವೆಂದು ಸ್ವಖುಷಿಯಿಂದ ಬರೆಸಿಕೊಟ್ಟ ಹೇಳಿಕೆ' ಎಂಬಲ್ಲಿಗೆ ಬಂದಾಗ ಖುರ್ಷಿದಾ, "ಸ್ವಖುಷಿ! ವ್ಹಾ!" ಎಂದು ಗೋಡೆಗೆ ತಿರುಗಿದಳು.

"ಅದೇನೋ ಅಂದ್ರಲ್ಲ ಬುದ್ದಿ, ಅಜಾ... ಅದೇನು?"

"ಅಜಾಗರೂಕತೆ."

"ಅಂಗಂದ್ರೆ?"

"ಎಚ್ಚರ ತಪ್ಪೋದು."

ಮಾರಮ್ಮ ಆ ಮಾತನ್ನು ಬಾಯಲ್ಲಿಟ್ಟುಕೊಂಡು ನೋಡಿದಳು. "ಎಚ್ಚರ ತಪ್ಪಿತ್ತಾ ನಂಗೆ? ನಾನು ಎಚ್ಚರವಾಗೇ ಇದ್ನಲ್ಲ ಬುದ್ದಿ. ಹತ್ತು ವರ್ಸದಿಂದ ಆ ನೀರಲ್ಲಿ ಕೈ ಆಡುಸ್ದೋಳು. ಹೊಸ ಗೂಡು ಕೊಡೋ ಹೊತ್ತು ಬೆಟ್ಟಿಗೇ ಗೊತ್ತಾಯ್ತದೆ. ನಿನ್ನೇನೂ ಗೊತ್ತಾಯ್ತು. ಕೊಡ್ನಿಲ್ಲ. ನೀವು ನೋಡ್ಬೇಕು ಅಂದ್ರಲ್ಲ, ಅದುಕ್ಕೆ ಬುಟ್ಟೆ."

ಹೌದು, ಅವನೇ ಅಂದದ್ದು. ಗೂಡು ಬಿಚ್ಚುತ್ತ ಬಿಚ್ಚುತ್ತ ಒಳಗಿನ ಹುಳು ಕಾಣುವಷ್ಟು ತೆಳುವಾದಾಗ ಕೊನೆಗೆ ಒಂದು ಎಳೆ ಉಳಿಯುತ್ತದೆ, ಉಸಿರು ಬಿಟ್ಟರೆ ಹರಿದುಹೋಗುವಂಥದ್ದು. ಅಲ್ಲಿಯವರೆಗೆ ಬಿಡದೆ ಅದಕ್ಕೆ ಮೊದಲೇ ಹೊಸ ಗೂಡು ಕೊಡುವುದು ಬಿಚ್ಚುವವಳ ಜಾಣತನ. ನಮ್ಮವ್ವ ಅದುಕ್ಕೂ ಒಂದು ಹೆಸ್ರು ಇಟ್ಟಿದ್ಲು ಬುದ್ದಿ ಎಂದಿದ್ದಳು ಸೋಮವಾರ. ಏನು ಎಂದರೆ, ನೋಡ್ದೆ ಹೇಳುದ್ರೆ ತಿಳಿಯಕಿಲ್ಲ ಎಂದಿದ್ದಳು. ಮಂಗಳವಾರ ಬೆಳಿಗ್ಗೆ ಅವನು ಪುಸ್ತಕ ಹಿಡಿದು ಬಾನಿಯ ಹತ್ತಿರ, ನೆರಳು ಅವಳ ಮೇಲೆ ಬೀಳದಷ್ಟು ದೂರದಲ್ಲಿ ನಿಂತು, ತೋರಿಸು ಅಂದ. ಅವಳು ಹೊಸ ಗೂಡು ಕೊಡದೆ ತಡೆದಳು. ಎಳೆ ಸಣ್ಣಗಾಗುತ್ತ ಬಂತು. ತೋರುಬೆರಳ ಮೇಲೆ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಅವನಿಗೆ ಮೊದಲು ಏನೂ ಕಾಣಲಿಲ್ಲ, ಬೆರಳು ಮಾತ್ರ ಕಂಡಿತು; ಆಮೇಲೆ ಬೆಳಕೇ ಒಂದು ಗೀಟಾದಂತೆ ಕಂಡಿತು. ಉಸುರೆಳೆ ಬುದ್ದಿ, ಅಂದಳು. ಅಷ್ಟರಲ್ಲಿ ರಾಟೆಯ ಮೇಲೆ ನೂಲು ಹರಿಯಿತು. ಮುನಿಶಾಮಯ್ಯ ಎಲ್ಲಿದ್ದನೋ ಬಂದ. ಬೆಂಗಳೂರಿನವರಿಗೆ ತೋರಿಸಬೇಕಾದ ನೂಲಿನ ಲಡಿ, ಹಾಳು ಮಾಡ್ಬುಟ್ಯಲ್ಲೇ, ಹುಡುಕು, ಎಳೆ ಹುಡುಕು ಎಂದು ಅವಳ ಮಣಿಕಟ್ಟು ಹಿಡಿದ.

"ನೀರೊಳಗಿದ್ದಾಗ್ಲೂ ಎಚ್ಚರವಾಗೇ ಇದ್ದೆ ಬುದ್ದಿ," ಅಂದಳು ಮಾರಮ್ಮ. "ಕೂಗುದ್ರೆ ಇನ್ನೂ ಅದುಮ್ತಾನೆ ಅಂತ ನಿಮ್ಮುನ್ನೇ ನೋಡ್ತಾ ಇದ್ದೆ. ಏನಾರ ಅಂತೀರೇನೋ ಅಂತ. ನೀವು ಬರೀತಾ ಇದ್ರಿ."

ಖುರ್ಷಿದಾ ಗೋಡೆಯಿಂದ ಈಚೆ ತಿರುಗಿದಳು. ಅವಳಿಗೂ ಇದು ಹೊಸದು.

"ಏನು ಬರುದ್ರಿ ಬುದ್ದಿ ಆವಾಗ?"

ಬಲಜೇಬಿನ ಪುಸ್ತಕ ಕಲ್ಲಿನಷ್ಟು ಭಾರವಾಯಿತು. ರಾತ್ರಿಯೆಲ್ಲ ಅವನು ತೆರೆಯದೆ ಬಿಟ್ಟಿದ್ದ ಪುಟ ಅದರಲ್ಲಿತ್ತು. ಬೇರೆಲ್ಲ ಪದಗಳೂ ದುಂಡಗೆ ಇದ್ದ ಪುಸ್ತಕದಲ್ಲಿ ಅದೊಂದೇ ಸೊಟ್ಟಗೆ ಇಳಿಜಾರಾಗಿ, ಪೆನ್ಸಿಲು ಹಾಳೆ ಹರಿಯುವಷ್ಟು ಒತ್ತಿ. ಮರೆತುಹೋಗಬಾರದೆಂದು ಬರೆದನೋ, ಕೈಗೆ ಏನಾದರೂ ಕೆಲಸ ಕೊಟ್ಟರೆ ಅದು ಮುಂದಕ್ಕೆ ಚಾಚುವುದಿಲ್ಲವೆಂದು ಬರೆದನೋ. "ಉಸುರೆಳೆ ಅಂತ ಬರೆದೆ," ಅಂದ.

"ಅದುರ್ ಮುಂದೆ?"

"ಖಾಲಿ ಬಿಟ್ಟಿದೀನಿ. ಆ ಮಾತನ್ನ ಹೇಗೆ ಆಡ್ತೀರಿ ಅಂತ ಒಂದು ವಾಕ್ಯ ಬೇಕು. ಅದು ಸಿಕ್ಕಿಲ್ಲ."

"ಸಿಕ್ಕಿಲ್ವಾ? ನಾನ್ ಹೇಳ್ತೀನಿ, ಬರ್ಕಳಿ." ಅವಳು ಗೋಡೆಯಿಂದ ಬೆನ್ನು ಎತ್ತಿ ನೆಟ್ಟಗೆ ಕೂತಳು. ಬಾನಿಯ ಮುಂದೆ ಪದ ಹೇಳುವಾಗಿನ ಅದೇ ನಿಧಾನದ ದನಿ. "ಉಸುರೆಳೆ ತೋರ್ಸಾಕೋಗಿ ಮಾರಿ ಕೈ ಬೆಂದೋಯ್ತು. ತೋರ್ಸು ಅಂದೋರು ನಿಂತ್ಕಂಡು ನೋಡುದ್ರು. ಅಷ್ಟೇಯ. ಬರ್ಕಳಿ ಬುದ್ದಿ, ಪೆನ್ಸಿಲ್ ಇಲ್ವಾ?"

ಪೆನ್ಸಿಲು ಇತ್ತು. ಕೈ ಹೋಗಲಿಲ್ಲ. ಬದಲಿಗೆ ಅವನ ಬಾಯಿಂದ ಬಂದದ್ದು, "ಹೆಬ್ಬೆಟ್ಟು..." ಎಂಬ ಮಾತು. ತಾನು ಬಂದ ಕೆಲಸ ನೆನಪಾಯಿತೋ, ಬೇರೆ ಮಾತೇ ಸಿಗಲಿಲ್ಲವೋ.

"ಬಲಗೈದು ಬೆಂದದೆ," ಅಂದಳು ಖುರ್ಷಿದಾ. "ಈಗ ಎಡಗೈದು ಐತಲ್ಲ ಅಂತಾರೆ ನೋಡು."

"ಐತೆ," ಅಂದಳು ಮಾರಮ್ಮ. ಎಡಗೈಯನ್ನು ಎತ್ತಿ, ತಾನೇ ಮೊದಲ ಸಲ ನೋಡುವಂತೆ ಹೆಬ್ಬೆರಳನ್ನು ನೋಡಿದಳು. "ಎಡಗೈದು ಐತೆ. ಕೊಡಕಿಲ್ಲ."

ಕೆರೆ ಏರಿಯ ಮೇಲೆ ಬಂದು ಗುರುಸಿದ್ದಯ್ಯ ಕೂತ. ಬಿಸಿಲು ನೆತ್ತಿಗೆ ಬಂದಿತ್ತು. ಪುಸ್ತಕ ತೆಗೆದು ಆ ಪುಟ ಹುಡುಕಿದ. ಸೊಟ್ಟ ಅಕ್ಷರದ ಮುಂದಿನ ಖಾಲಿ ಜಾಗದಲ್ಲಿ ಬರೆಯತೊಡಗಿದ, ಅವಳ ಮಾತಿನಲ್ಲಲ್ಲ, ತನ್ನದರಲ್ಲಿ. ಮಂಗಳವಾರ ಬೆಳಿಗ್ಗೆ ಮೇಸ್ತ್ರಿ ಮುನಿಶಾಮಯ್ಯ, ನೂಲು ಬಿಚ್ಚುವ ಮಾರಮ್ಮನ ಬಲಗೈಯನ್ನು ಮಣಿಕಟ್ಟಿನ ತನಕ ಕುದಿನೀರಿನ ಬಾನಿಯಲ್ಲಿ ಅದುಮಿ ಹಿಡಿದ. ತಪ್ಪಿಹೋದ ಎಳೆ ಸಿಗುವವರೆಗೂ ಬಿಡಲಿಲ್ಲ. ಬರೆದು, ಓದಿಕೊಂಡು, ಉಸಿರು ಬಿಟ್ಟ. ಹಗುರಾಯಿತು. ಸತ್ಯವನ್ನು ಬರೆದಿದ್ದೇನೆ, ಎಂದಾದರೂ ಯಾರಾದರೂ ಓದುತ್ತಾರೆ, ಹಾಳೆಯ ಮೇಲೆ ಯಾರ ಹೆಬ್ಬೆಟ್ಟು ಬಿದ್ದರೇನು ಎಂದು ಒಂದು ಗಳಿಗೆ ಅನ್ನಿಸಿತು. ಎರಡನೆಯ ಸಲ ಓದಿದಾಗ, ಆ ಎರಡು ವಾಕ್ಯಗಳಲ್ಲಿ ಉಸುರೆಳೆಯೂ ಇಲ್ಲ, ತಾನೂ ಇಲ್ಲ ಎಂಬುದು ಕಂಡಿತು. ಮೇಸ್ತ್ರಿ ಇದ್ದಾನೆ, ಮಾರಮ್ಮ ಇದ್ದಾಳೆ, ಬಾನಿ ಇದೆ. ತೋರಿಸು ಅಂದವನು, ನಿಂತು ನೋಡಿದವನು, ಎಲ್ಲಿಯೂ ಇಲ್ಲ. ಅವಳು ಹೇಳಿದ್ದರಲ್ಲಿ ಅವನಿದ್ದ. ಅವನನ್ನಷ್ಟೇ ಬಿಡಿಸಿ ತೆಗೆದು, ಮಿಕ್ಕದ್ದನ್ನು ಅಚ್ಚುಕಟ್ಟಾಗಿ ಅಂಟಿಸಿದ್ದ. ನಾಲಿಗೆಯ ಮೇಲೆ ಅಂಟಿನ ರುಚಿ ಬಂತು, ಆ ಕರಟದ್ದು.

ಕಚೇರಿಗೆ ಬಂದಾಗ ಸಿದ್ದಗಂಗಯ್ಯ ಉಂಡು ಬಂದು ಕೂತಿದ್ದ. ಹಾಳೆಯನ್ನು ಬಿಡಿಸಿ ನೋಡಿ, ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಂದ ತಟ್ಟಿದ.

"ಒತ್ಲಿಲ್ವಾ?"

"ಕೊಡಲ್ಲ ಅಂದಳು."

"ಕೊಡಲ್ವಂತಾ!" ಎಂದು ನಕ್ಕ. ಸಿಟ್ಟೇ ಬರಲಿಲ್ಲ ಅವನಿಗೆ. "ಸರಿ ಬುಡು. ಹೆಬ್ಬೆಟ್ಟಿನ ಮೇಲೆ ಹೆಸರು ಬರೆದಿರ್ತದಾ? ಯಾವ ಇನ್ಸ್‌ಪೆಕ್ಟ್ರು ಭೂತಗನ್ನಡಿ ಹಿಡ್ಕಂಡು ಬತ್ತಾನೆ? ನಿಂದೇ ಒತ್ತು."

"ನಂದಾ?"

"ಮತ್ತೆ? ಡಬ್ಬಿ ನಿನ್ ಕೈಲೇ ಐತಲ್ಲ. ಒತ್ತು, ಒತ್ತು, ಹೊತ್ತಾಯ್ತು."

ಗುರುಸಿದ್ದಯ್ಯ ತನ್ನ ಹೆಬ್ಬೆರಳನ್ನು ನೋಡಿದ. ಸಣ್ಣ ಗೀಟುಗಳು ಒಂದರೊಳಗೊಂದು ಸುತ್ತಿ ಸುತ್ತಿ ನಡುವಿಗೆ ಹೋಗಿದ್ದವು. ಬೆಳಿಗ್ಗೆ ಲಿಂಗ ಮುಟ್ಟಿದ ಬೆರಳು. ಇದು ಮಾರಮ್ಮನ ಬೆರಳಾಗಬೇಕು. ಬೆರಳು ತಾನಾಗಿ ಮಡಿಸಿಕೊಂಡಿತು. ಯೋಚನೆಗಿಂತ ಮೊದಲು "ಇಲ್ಲ, ಆಗಲ್ಲ" ಎಂಬ ಮಾತು ಬಂದುಬಿಟ್ಟಿತು.

ಸಿದ್ದಗಂಗಯ್ಯ ಅವನ ಮುಖವನ್ನು ಒಂದು ಕ್ಷಣ ನೋಡಿದ. ಆಮೇಲೆ ಅವನ ಮುಖ ಅರಳಿತು, ನೆಂಟನ ಕಷ್ಟ ಅರ್ಥವಾದವನಂತೆ. "ಓ, ಅದಾ! ನಂಗೆ ಹೊಳೀಲೇ ಇಲ್ಲ ನೋಡು. ಆ ಹೊಲತಿ ಹೆಸರಿನ ಮೇಲೆ ಲಿಂಗ ಕಟ್ಟಿದೋನು ಬೆರಳು ಒತ್ತೋದು ಅಂದ್ರೆ... ಸರಿ, ಸರಿ. ತಪ್ಪು ನಂದೇ. ನಂಗೂ ಆಗ್ತಿರ್ಲಿಲ್ಲ." ಬಾಗಿಲ ಕಡೆ ಕೂಗಿದ. "ಲೇ ಕರಿಯಪ್ಪ! ಬಾರ್ಲಾ ಇಲ್ಲಿ."

ಅವನ ಸಮಾಧಾನದ ಮಾತು ಗುರುಸಿದ್ದಯ್ಯನನ್ನು ಕಪಾಳಕ್ಕೆ ಹೊಡೆದಂತೆ ನಿಲ್ಲಿಸಿತು. ತಾನು ಅಂದದ್ದು ಅದೇ. ಸುಳ್ಳಿಗೆ ಹೆದರಿ ಅಂದದ್ದಲ್ಲ, ಬೆಂದ ಕೈಗೆ ಮರುಗಿ ಅಂದದ್ದಲ್ಲ. ಜೀವಮಾನದಲ್ಲಿ ಮೊದಲ ಸಲ ಈ ಮನುಷ್ಯನಿಗೆ ಇಲ್ಲವೆಂದಿದ್ದ. ಆ ಇಲ್ಲವೂ ಅವನಿಗೆ ಒಪ್ಪಿಗೆಯಾಗುವಂಥದ್ದಾಗಿತ್ತು. ಮೆಚ್ಚಿಕೊಂಡು ಕ್ಷಮಿಸುವಂಥದ್ದಾಗಿತ್ತು.

ಕಾವಲಿನ ಕರಿಯಪ್ಪ ಹೊಸ್ತಿಲ ಆಚೆ ಬಂದು ನಿಂತ. ಮುದುಕ. ಮಾರಮ್ಮನ ಕೇರಿಯವನೇ. ಒಳಗಿನ ಮಾತು ಕೇಳಿಸಿಕೊಂಡಿದ್ದನೇನೋ, ಬರುತ್ತಲೇ ಎಡ ಹೆಬ್ಬೆರಳನ್ನು ಪಂಚೆಗೆ ಉಜ್ಜಿಕೊಳ್ಳುತ್ತಿದ್ದ. ಯಾರ ಮುಖವನ್ನೂ ನೋಡದೆ ಉಜ್ಜುತ್ತಲೇ ಇದ್ದ.

"ಡಬ್ಬಿ ತೆಗಿ ಗುರುಸಿದ್ದ. ಹೊಸ್ತಿಲ ಮೇಲಿಡು. ಅವನೇ ಅದ್ದಿ ಒತ್ತಾನೆ, ನೀನು ಮುಟ್ಟೋದೂ ಬೇಡ."

ಡಬ್ಬಿಯ ಮುಚ್ಚಳದ ಮೇಲೆ ಗುರುಸಿದ್ದಯ್ಯನ ಎರಡು ಹೆಬ್ಬೆರಳುಗಳೂ ಇದ್ದವು. ಬಾನಿಗಳ ಕಡೆಯಿಂದ ರಾಟೆಗಳ ಸದ್ದು ಬರುತ್ತಿತ್ತು. ಅದರ ನಡುವೆ ಎಲ್ಲೋ ಒಂದು ಎಳೆ ಹರಿದು, ಯಾರೋ ಅದನ್ನು ಹುಡುಕುತ್ತಿರಬೇಕು. ಕರಿಯಪ್ಪ ಉಜ್ಜುವುದನ್ನು ನಿಲ್ಲಿಸಿ, ಬೆರಳನ್ನು ಮುಂದಕ್ಕೆ ಹಿಡಿದು ಕಾಯುತ್ತಿದ್ದ.

"ತೆಗೆಯಲ್ಲ," ಅಂದ ಗುರುಸಿದ್ದಯ್ಯ.

"ಯಾಕಯ್ಯ ಈಗ? ಮೈಲಿಗೆ ಆಗಲ್ಲ ಅಂದ್ನಲ್ಲ."

"ಅದಲ್ಲ ಮಾವ." ಡಬ್ಬಿಯನ್ನು ಎದೆಗೆ ಒತ್ತಿಕೊಂಡ. "ತೋರಿಸು ಅಂದೋನು ನಾನು. ಅವನು ಅವಳ ಕೈ ಅದುಮಿದಾಗ ನಿಂತ್ಕೊಂಡು ನೋಡಿದೋನೂ ನಾನೇ. ಹಬೆ ಇರ್ಲಿಲ್ಲ. ಎಲ್ಲಾ ಕಾಣ್ತಿತ್ತು. ನಾಳೆ ಅವರು ಬಂದಾಗ ಅಷ್ಟನ್ನೂ ಹೇಳ್ತೀನಿ."

ಸಿದ್ದಗಂಗಯ್ಯನ ಬಾಯಲ್ಲಿ ಅಡಿಕೆ ನಿಂತಿತು. ಮೊದಲ ಸಲ ಅವನು ನಗಲಿಲ್ಲ. ದಿಂಬಿನಿಂದ ಎದ್ದು ಬಂದು, ಅಂಗೈ ಚಾಚಿದ.

"ಗಿರಿಜೆ ಮುಖ ನೋಡಿ ಕೇಳ್ತಾ ಇದೀನಿ. ಡಬ್ಬಿ ಕೊಡು ಇಲ್ಲಿ."

"ಕೊಡಲ್ಲ."